ನಕ್ಷತ್ರ ಮೀನು ಬದಲಾಗಿದೆ, ತುಂಬಾನೇ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಮಕ್ಕಳ ಪುಟದ ನಕ್ಷತ್ರ ಮೀನಿನ ಬರಹವನ್ನು ಮೊಮ್ಮಗಳಿಗೆ ಓದಿ ಹೇಳುತ್ತಿದ್ದೆ. ‘ಕೋಟ್ಯಂತರ ವರ್ಷಗಳಿಂದ ಒಂದಿಷ್ಟೂ ಬದಲಾಗದ ಜೀವಿ’ ಎಂಬ ಸಾಲಿಗೆ ಬಂದಾಗ ನಿಲ್ಲಿಸಬೇಕಾಯಿತು. ಅದು ಮೀನಲ್ಲ ಅಂತ ಬರೆದವರೇ ಹೇಳಿದ್ದಾರೆ, ಅದು ಸರಿ. ನನ್ನ ತಕರಾರು ಈ ಸಾಲಿನದ್ದು.

ಮೊರಾಕ್ಕೊ ದೇಶದ ಫೆಜ್ವಾಟಾ ಎಂಬಲ್ಲಿ ಸುಮಾರು 48 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ನಕ್ಷತ್ರ ಮೀನಿನಂಥ ಪ್ರಾಣಿಯ ಒಂದು ಪಳೆಯುಳಿಕೆ ಸಿಕ್ಕಿದೆ. ವಿಜ್ಞಾನಿಗಳಾದ ಆರನ್ ಹಂಟರ್ ಮತ್ತು ಹಾವಿಯರ್ ಒರ್ಟೆಗಾ-ಹೆರ್ನಾಂಡೆಜ್ 2021ರಲ್ಲಿ ಅದಕ್ಕೆ ಕ್ಯಾಂಟಬ್ರಿಜಿಯಾಸ್ಟರ್ ಎಂದು ಹೆಸರಿಟ್ಟರು. ಇಂದಿನ ನಕ್ಷತ್ರ ಮೀನಿನ ದೇಹರಚನೆಯ ಲಕ್ಷಣಗಳಲ್ಲಿ ಶೇ 60ರಷ್ಟು ಅದರಲ್ಲಿ ಇಲ್ಲವೇ ಇಲ್ಲ! ತೋಳು ನೋಡಿದರೆ ತೆಂಗಿನ ಗರಿ ನೆನಪಾಗುತ್ತದೆ. ನಡುವೆ ದಿಂಡು, ಎರಡೂ ಬದಿಗೆ ಕಡ್ಡಿಯಂಥ ಸುಣ್ಣದ ತುಣುಕುಗಳ ಸಾಲು. ಇದಕ್ಕೆ ಹೋಲಿಕೆ ಇರುವುದು ಕಡಲ ಲಿಲ್ಲಿಯ ಜೊತೆ. ಹೆಸರು ಹೂವಿನದ್ದಾದರೂ ಅದೂ ಪ್ರಾಣಿಯೇ. ಕಾಂಡದಂಥ ಬುಡವನ್ನು ಕಡಲ ತಳಕ್ಕೆ ಊರಿ, ಬಾಯಿ ಮೇಲಕ್ಕೆ ಮಾಡಿ, ನೀರಿನಲ್ಲಿ ತೇಲಿ ಬಂದದ್ದನ್ನು ತೋಳುಗಳಲ್ಲಿ ಹಿಡಿದು ತಿನ್ನುತ್ತದೆ. ನಕ್ಷತ್ರ ಮೀನಿನ ಬಾಯಿ ಇರುವುದು ಕೆಳಗೆ. ಊರಿದ ಕಾಲು ಕಿತ್ತು, ಬೋರಲಾಗಿ, ತೆವಳಲು ಕಲಿತ ಪ್ರಾಣಿಯನ್ನು ‘ಬದಲಾಗಿಲ್ಲ’ ಅಂದರೆ ಹೇಗೆ?

ಇಂಥ ಪಳೆಯುಳಿಕೆ ಇಡಿಯಾಗಿ ಸಿಗುವುದೇ ಅಪರೂಪ. ನಕ್ಷತ್ರ ಮೀನಿನ ಅಸ್ಥಿಪಂಜರ ಒಂದೇ ಗಟ್ಟಿ ಚಿಪ್ಪಲ್ಲ. ಮೃದುವಾದ ಅಂಗಾಂಶ ಹಿಡಿದಿಟ್ಟ ಸಾವಿರಾರು ಸುಣ್ಣದ ಬಿಲ್ಲೆಗಳು, ಅಷ್ಟೇ. ಸತ್ತ ಕೆಲವೇ ದಿನಗಳಲ್ಲಿ ಹಾರ ಕಡಿದ ಮಣಿಗಳ ಹಾಗೆ ಚೆಲ್ಲಾಪಿಲ್ಲಿ. ಬದುಕಿರುವಾಗಲೋ ಸತ್ತ ಕೂಡಲೋ ಕೆಸರು ಮುಚ್ಚಿಕೊಂಡರೆ ಮಾತ್ರ ಆಕಾರ ಉಳಿಯುತ್ತದೆ. ಜರ್ಮನಿಯ ಬುಂಡೆನ್‌ಬಾಖ್‌ನಲ್ಲಿ, ಮನೆಯ ಮಾಡಿಗೆ ಹೊದಿಸುವ ಕಪ್ಪು ಹಾಸುಗಲ್ಲಿನಲ್ಲಿ, ಸುಮಾರು 40 ಕೋಟಿ ವರ್ಷ ಹಿಂದಿನವು ಹಾಗೆ ಉಳಿದಿವೆ. ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ತುಂಬಿಕೊಂಡಿರುವುದರಿಂದ ಕಲ್ಲು ಒಡೆಯದೆ ಎಕ್ಸ್‌ರೇಯಲ್ಲೇ ಒಳಗಿನದ್ದು ಕಾಣುತ್ತದೆ.

ಇನ್ನು ನಂಟಸ್ತಿಕೆ. ಸಪೂರ ತೋಳಿನ ಬ್ರಿಟಲ್ ಸ್ಟಾರ್ ಎಂಬ ಕಡಲಜೀವಿ ನಕ್ಷತ್ರ ಮೀನಿನ ಒಡಹುಟ್ಟೋ, ಇಲ್ಲಾ ಕಡಲ ಮುಳ್ಳುಚೆಂಡಿನ (ಸೀ ಅರ್ಚಿನ್) ಕಡೆಯದೋ ಅಂತ ಬಹಳ ಕಾಲ ಜಗಳವಿತ್ತು. ಜೀನ್‌ಗಳ ಹೋಲಿಕೆ ನೋಡಿದ ಮೇಲೆ ಒಡಹುಟ್ಟು ಎಂಬ ಪಕ್ಷಕ್ಕೇ ಬಲ ಜಾಸ್ತಿ. ಇವೆಲ್ಲವೂ ಬೆನ್ನುಮೂಳೆಯ ನಮಗೆ ಲೋಳೆಮೀನಿಗಿಂತ ಹತ್ತಿರದ ನೆಂಟರು. ಇದನ್ನು ಕೇಳಿ ಮೊಮ್ಮಗಳು ನಂಬಲಿಲ್ಲ, ಸುಮ್ನೆ ನಕ್ಕಳು.

ಅವಳು ಆ ಪುಟವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದಾಳೆ. ಆ ಸಾಲಿನ ಕೆಳಗೆ ನಾನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ನೀವು ತಿದ್ದುಪಡಿ ಹಾಕಿದರೆ ಅದನ್ನೂ ಪಕ್ಕದಲ್ಲೇ ಅಂಟಿಸುತ್ತೇವೆ.

ಇಂತಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕ, ಕುಮಟಾ