ಗುಡಿಸನ್ ಪಾರ್ಕ್‌ನ ಗೆಲುವು ಮತ್ತು ಜಾನಿ ಕ್ಯಾರಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡ್ ಫುಟ್‌ಬಾಲ್ ತಂಡವನ್ನು ಅದರದೇ ನೆಲದಲ್ಲಿ ಮಣಿಸಿದ ಮೊದಲ ವಿದೇಶಿ ತಂಡ ಹಂಗೇರಿ ಎಂದು ತಮ್ಮ ಕಳೆದ ಭಾನುವಾರದ ಕ್ರೀಡಾ ಪುಟದ ಲೇಖನ ಹೇಳುತ್ತದೆ. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ 6–3ರಿಂದ ಗೆದ್ದದ್ದು ನಿಜ. ಆ ಆಟದ ಸೊಬಗನ್ನು ಲೇಖಕರು ಕೊಂಡಾಡಿರುವುದರಲ್ಲಿಯೂ ಎರಡು ಮಾತಿಲ್ಲ. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲೇ, 1949ರ ಸೆಪ್ಟೆಂಬರ್ 21ರಂದು, ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್‌ನಲ್ಲಿ ಜಾನಿ ಕ್ಯಾರಿ ನಾಯಕತ್ವದ ಐರ್ಲೆಂಡ್ ತಂಡ ಇಂಗ್ಲೆಂಡನ್ನು 2–0ಯಿಂದ ಸೋಲಿಸಿತ್ತು.

ಆ ಪಂದ್ಯದ ಮೊದಲರ್ಧದಲ್ಲಿ ಪೀಟರ್ ಡೆಸ್ಮಂಡ್ ಅವರನ್ನು ಇಂಗ್ಲೆಂಡಿನ ಬ್ಯಾಕ್ (ರಕ್ಷಣಾ) ಆಟಗಾರ ಕೆಡವಿದಾಗ ಸಿಕ್ಕ ಪೆನಾಲ್ಟಿಯನ್ನು ಕಾನ್ ಮಾರ್ಟಿನ್ ಹೊಡೆದರು. ಗೋಲ್‌ಕೀಪರ್ ಬರ್ಟ್ ವಿಲಿಯಮ್ಸ್ ಕೈಗೆ ತಾಗಿದರೂ ಚೆಂಡು ಬಲೆ ಸೇರಿತು. ಆಟ ಮುಗಿಯಲು ಐದಾರು ನಿಮಿಷ ಇದ್ದಾಗ ಎರಡನೆಯ ಗೋಲು ಹೊಡೆದ ಪೀಟರ್ ಫ್ಯಾರೆಲ್ ಎವರ್ಟನ್ ಕ್ಲಬ್‌ನವರು. ಗುಡಿಸನ್ ಪಾರ್ಕ್ ಅವರು ವಾರವಾರ ಆಡುತ್ತಿದ್ದ ಮೈದಾನ. ಮೂರು ವರ್ಷ ಹಿಂದೆ ಡಬ್ಲಿನ್‌ನಲ್ಲಿ ಪಂದ್ಯದ ಏಕೈಕ ಗೋಲು ಹೊಡೆದು ಐರ್ಲೆಂಡಿಗೆ ನಿರಾಸೆ ತಂದಿದ್ದ ಟಾಮ್ ಫಿನ್ನಿಯವರಿಗೆ ಈ ಬಾರಿ ಎದುರಾಳಿಯಾಗಿ ನಿಂತವರು ರೈಟ್ ಬ್ಯಾಕ್ ಕ್ಯಾರಿ.

ಇಂಥ ಗೆಲುವು ದಾಖಲೆಯಿಂದ ಜಾರಿಹೋದದ್ದಕ್ಕೆ ಕಾರಣ ಆಟದ ಹೊರಗಿದೆ. ಐರ್ಲೆಂಡಿನ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಇಂಗ್ಲಿಷ್ ಕ್ಲಬ್‌ಗಳಲ್ಲೇ ಆಡುತ್ತಿದ್ದುದರಿಂದ ಇಂಗ್ಲೆಂಡಿನವರು ಅವರನ್ನು ಪರದೇಶದವರೆಂದು ಎಣಿಸಲೇ ಇಲ್ಲ. ಆದರೆ ಅದೇ ವರ್ಷದ ಏಪ್ರಿಲ್ 18ರಂದು ಐರ್ಲೆಂಡ್ ಗಣರಾಜ್ಯವಾಗಿ, ಬ್ರಿಟಿಷ್ ದೊರೆಯೊಡನೆ ಉಳಿದಿದ್ದ ಕೊನೆಯ ಎಳೆಯನ್ನೂ ಕಡಿದುಕೊಂಡಿತ್ತು. ಸೋತಾಗ ಮಾತ್ರ ಎದುರಾಳಿಯನ್ನು ಮನೆಯವರೆಂದು ಕರೆಯುವ ಈ ಲೆಕ್ಕಾಚಾರವನ್ನು ನಾವು ಕನ್ನಡದಲ್ಲಿಯೂ ಮುಂದುವರಿಸಬೇಕಾಗಿಲ್ಲ.

ಕ್ಯಾರಿಯವರ ಬದುಕಂತೂ ಈ ಗೊಂದಲದ ನಡುವೆಯೇ ಸಾಗಿತು. 1919ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಅವರನ್ನು, ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರರು ಕಟ್ಟಿದ ಸೇಂಟ್ ಜೇಮ್ಸಸ್ ಗೇಟ್ ಕ್ಲಬ್‌ನಿಂದ ಮ್ಯಾಂಚೆಸ್ಟರ್ ಯುನೈಟೆಡ್ 1936ರಲ್ಲಿ ಕೇವಲ 250 ಪೌಂಡ್ ಕೊಟ್ಟು ಕರೆದೊಯ್ದಿತು. ಆಗ ಅವರಿಗೆ ಹದಿನೇಳು ವರ್ಷ. ಎರಡನೆಯ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿದ್ದರೂ, ತಮಗೆ ಅನ್ನ ನೀಡಿದ ದೇಶಕ್ಕಾಗಿ ಹೋರಾಡುವುದು ಸರಿಯೆಂದು ಅವರು ಬ್ರಿಟಿಷ್ ಸೇನೆ ಸೇರಿದರು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಮತ್ತು ದಕ್ಷಿಣದ ಡಬ್ಲಿನ್‌ನ ಎರಡು ಫುಟ್‌ಬಾಲ್ ಸಂಘಗಳೂ ಆಗ ಐರ್ಲೆಂಡ್ ಹೆಸರಿನಲ್ಲೇ ತಂಡ ಕಟ್ಟುತ್ತಿದ್ದುದರಿಂದ, 1946ರ ಸೆಪ್ಟೆಂಬರ್ 28ರಂದು ಬೆಲ್‌ಫಾಸ್ಟ್‌ನಲ್ಲಿ ಇಂಗ್ಲೆಂಡಿನೆದುರು 7–2ರಿಂದ ಸೋತ ತಂಡದಲ್ಲಿದ್ದ ಕ್ಯಾರಿ, 30ರಂದು ಡಬ್ಲಿನ್‌ನಲ್ಲಿ, ಅದೇ ಇಂಗ್ಲೆಂಡಿನೆದುರು, ಮತ್ತೊಂದು ಐರ್ಲೆಂಡಿನ ಪರವಾಗಿ ಕಣಕ್ಕಿಳಿದರು! ಮರುವರ್ಷ ಗ್ಲಾಸ್ಗೋದಲ್ಲಿ ಬ್ರಿಟನ್ನಿನ ವಿರುದ್ಧ ಆಡಿದ ಯುರೋಪ್ ತಂಡಕ್ಕೆ ಅವರೇ ನಾಯಕ. ಆಗ ಯುರೋಪಿನವರೆಂದು ಒಪ್ಪಿದ ಮೇಲೆ ಗುಡಿಸನ್ ಪಾರ್ಕ್‌ನಲ್ಲಿ ಅವರು ವಿದೇಶಿ ಅಲ್ಲವೆಂದರೆ ಹೇಗೆ?

ಯುನೈಟೆಡ್ ನಾಯಕರಾಗಿ 1948ರ ಎಫ್‌ಎ ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಪೂಲ್ ತಂಡವನ್ನು 4–2ರಿಂದ ಸೋಲಿಸಿದ್ದು, 1952ರಲ್ಲಿ ಲೀಗ್ ಪ್ರಶಸ್ತಿ ಗೆದ್ದದ್ದು ಬಹಳ ಮಂದಿಗೆ ಗೊತ್ತಿರುವ ಸಂಗತಿ. 1953ರಲ್ಲಿ ಗೋಲ್‌ಕೀಪರ್ ಅನಾರೋಗ್ಯಕ್ಕೀಡಾದಾಗ ಸಂಡರ್‌ಲ್ಯಾಂಡ್ ವಿರುದ್ಧ ಅವರೇ ಗೋಲು ಕಾದು 2–2ರ ಸಮಬಲಕ್ಕೆ ನಿಂತರೆಂಬುದು ಕಡಿಮೆ ಮಂದಿಗೆ ತಿಳಿದಿದೆ. ತರಬೇತುದಾರರಾಗಿಯೂ ಅವರ ಹಾದಿ ಸುಗಮವಾಗಿರಲಿಲ್ಲ: ಎವರ್ಟನ್ ಐದನೆಯ ಸ್ಥಾನದತ್ತ ಸಾಗುತ್ತಿದ್ದ 1961ರಲ್ಲಿ, ಲಂಡನ್ನಿನ ಟ್ಯಾಕ್ಸಿಯೊಂದರಲ್ಲಿ ಪಕ್ಕದಲ್ಲೇ ಕುಳಿತಿದ್ದ ಕ್ಲಬ್ ಅಧ್ಯಕ್ಷರು ಅವರನ್ನು ವಜಾ ಮಾಡಿದರು. ಮರುವರ್ಷವೇ ಅವರು ಲೇಟನ್ ಓರಿಯೆಂಟ್ ಎಂಬ ಸಣ್ಣ ಕ್ಲಬ್ಬನ್ನು ಮೊದಲ ದರ್ಜೆಗೆ ಏರಿಸಿದರು. ಆ ಕ್ಲಬ್ ಮತ್ತೆಂದೂ ಆ ಮಟ್ಟ ಮುಟ್ಟಿಲ್ಲ.

ಹಂಗೇರಿಯನ್ನು ಬ್ರಿಟನ್ ಮತ್ತು ಐರ್ಲೆಂಡ್ ದ್ವೀಪಗಳ ಹೊರಗಿನ ಮೊದಲ ತಂಡ ಎಂದು ಬರೆದರೆ ಯಾರಿಗೂ ಅನ್ಯಾಯವಾಗದು. ಮುಂದಿನ ಕ್ರೀಡಾ ಪುಟದಲ್ಲಿ ಈ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ತಮ್ಮ ಓದುಗ, ಬೆಂಗಳೂರು