ಮಗಳಿಗೊಂದು ಪತ್ರ: ಸಿಟ್ಟು ಬಂತೋ, ಸಿಟ್ಟು ಮಾಡ್ಕೊಂಡ್ಳೋ?

ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನ ನಾಟಕದ ಮೊದಲ ಅಂಕ ಓದಿದೆ. ಮಂಡ್ಯದ ಅಣ್ಣ-ತಂಗಿಯರ ಜಗಳ ಚೆನ್ನಾಗಿ ಹೊತ್ತಿಕೊಂಡಿದೆ. ಆದರೆ 'ತುಂಬಾ', 'ವಿಪರೀತ', 'ಭಯಂಕರ' ಜಾಸ್ತಿಯಾಯಿತು. ಅವನ್ನೆಲ್ಲ ಹೊಡೆದುಹಾಕು. ಕನ್ನಡದಲ್ಲಿ ಸಿಟ್ಟು-ಸಂಕಟ ಇರುವುದು ವಿಭಕ್ತಿಯಲ್ಲಿ, ಕ್ರಿಯಾಪದದ ಬಾಲದಲ್ಲಿ.

ಮೊದಲು ಚತುರ್ಥಿ ವಿಭಕ್ತಿ, ಅಂದರೆ 'ನನಗೆ'ಯಲ್ಲಿರುವ 'ಗೆ' ನೋಡು. 'ನನಗೆ ಸಿಟ್ಟು ಬಂತು' ಅನ್ನುವಾಗ ಕರ್ತೃ ನಾನಲ್ಲ, ಸಿಟ್ಟು. ಅದಕ್ಕೇ ಕ್ರಿಯಾಪದ 'ಬಂತು' ಎಂದು ನಪುಂಸಕಲಿಂಗದಲ್ಲಿದೆ. ನಿದ್ದೆ, ಜ್ವರ, ಕೆಮ್ಮು ಬಂದ ಹಾಗೆ ಸಿಟ್ಟೂ ಬಂತು, ನನ್ನದೇನು ತಪ್ಪು? (ತಮಿಳು, ತೆಲುಗು, ಹಿಂದಿಯವರಿಗೂ ಈ ಅನುಕೂಲ ಉಂಟು.) ಅದೇ 'ಅವಳು ಸಿಟ್ಟು ಮಾಡ್ಕೊಂಡ್ಳು' ಅಂದರೆ ಕರ್ತೃ ಅವಳೇ, ಹೊಣೆಯೂ ಅವಳದೇ. ಜಗಳವಾಡುವವರು ತಮ್ಮ ಸಿಟ್ಟಿಗೆ 'ಬಂತು', ಎದುರಿನವರ ಸಿಟ್ಟಿಗೆ 'ಮಾಡ್ಕೊಂಡ್ರು' ಅನ್ನುತ್ತಾರೆ. ನಿನ್ನ ತಂಗಿ ಪಾತ್ರ ಇಬ್ಬರಿಗೂ 'ಬಂತು' ಅಂತ ಧಾರಾಳ ತೋರಿಸಿದೆ, ಅಲ್ಲೇ ಜಗಳ ತಣ್ಣಗಾಯಿತು. ಸಮಾಧಾನ ಹೇಳುವಾಗಲೂ ಇದೇ ಲೆಕ್ಕ. 'ಸಿಟ್ಟು ಬರಬೇಡ' ಅನ್ನಲಾಗದು, ಯಾಕೆಂದರೆ ಬರುವುದು ಸಿಟ್ಟು, ಅವಳಲ್ಲ. 'ಸಿಟ್ಟು ಮಾಡ್ಕೋಬೇಡ' ಅನ್ನಲೇಬೇಕು, ಅದರೊಳಗೆ ಸಣ್ಣ ಆಪಾದನೆ ಇದ್ದೇ ಇರುತ್ತದೆ. ಕೇಳಿದವಳು ಮತ್ತೆ ಸಿಡುಕಿದರೆ ಆಶ್ಚರ್ಯವೇನಿಲ್ಲ.

ಇನ್ನು ಲೋಟ ಒಡೆಯುವ ದೃಶ್ಯ. 'ಒಡೀತು' ಬರೀ ಸುದ್ದಿ. 'ಒಡ್ದೋಯ್ತು' ಅಂದರೆ ಅಯ್ಯೋ ಅನ್ನುವ ಕೊರಗು, ಒಡೆದವರ ಹೆಸರಿಲ್ಲ. 'ಒಡ್ದಾಕ್ದ' ಅಂದರೆ ಬೆರಳು ತೋರಿಸಿದ ಹಾಗೆ. 'ಒಡ್ದಾಕ್ಬುಟ್ಟ' ಅಂದರೆ ಇನ್ನು ಸರಿಹೋಗದು ಎಂಬ ರೋಸಿಕೆಯೂ ಸೇರಿತು. ನೀನು ಎಲ್ಲರ ಬಾಯಲ್ಲೂ ಮೊದಲನೆಯದನ್ನೇ ಇಟ್ಟಿದ್ದೀಯ. ಒಂದು ಎಚ್ಚರ: ಈ 'ಬುಟ್ಟ'ದೊಳಗಿನ 'ಬಿಡು' 'ಇಲ್ಲ'ದ ಜೊತೆ ಒಗ್ಗುವುದು ಕಷ್ಟ. 'ಹೇಳ್ಬಿಡ್ಲಿಲ್ಲ' ಅಂತ ಬರೆದಿದ್ದೀಯ, ನಟಿಯ ನಾಲಿಗೆ ತೊಡರುತ್ತದೆ. 'ಹೇಳ್ಲೇ ಇಲ್ಲ' ಮಾಡು, ನೋವಿಗೆ ಆ ಒಂದು 'ಏ'ಕಾರ ಸಾಕು.

ಅಣ್ಣ 'ಬಾರಮ್ಮಿ' ಅನ್ನುವ ಸಲಿಗೆ ಚೆನ್ನಾಗಿದೆ, ಇರಲಿ. ಆದರೆ ತಂಗಿಯ ಸಿಟ್ಟು ಏರಿದಾಗ ಬೈಗುಳ ಬೇಡ, ಅವಳನ್ನು ಬಹುವಚನಕ್ಕೆ ಏರಿಸು: 'ನೀವು ದೊಡ್ಡೋರು ಕಣಪ್ಪ, ನೀವೇಳ್ದಂಗೇ ಆಗ್ಲಿ.' ದಿನಾ 'ನೀನು' ಅನ್ನಿಸಿಕೊಳ್ಳುವ ಅಣ್ಣನಿಗೆ ಇದಕ್ಕಿಂತ ಪೆಟ್ಟು ಬೇಕಿಲ್ಲ. 'ಆಸ್ತಿಗೀಸ್ತಿ ಏನೂ ಬ್ಯಾಡ' ಅನ್ನುವ ತಾತ್ಸಾರ ಒಂದೇ ಸಲ ಇರಲಿ, ಎರಡನೆಯ ಸಲಕ್ಕೆ ಜನ ನಗುತ್ತಾರೆ. 'ಬಾ ಬಾ' ಸ್ವಾಗತವೋ ಬೆದರಿಕೆಯೋ, ಅದನ್ನು ನಟರಿಗೆ ಬಿಡು.

ತಿದ್ದುವಾಗ ಪ್ರತಿ ಮಾತಿನ ಕೊನೆಯ ಪದಕ್ಕೆ ಗೆರೆ ಎಳೆ. ಬಿಡು, ಹೋಗು, ಹಾಕು, ಕೊಳ್ಳು ಯಾವುದೂ ಇಲ್ಲದೆ, ಕಣೇ-ಕಣೋ ಇಲ್ಲದೆ ನಾಲ್ಕು ಸಾಲು ಸತತ ಹೋದರೆ, ಅಲ್ಲಿ ಪಾತ್ರ ಜಗಳವಾಡುತ್ತಿಲ್ಲ, ವರದಿ ಒಪ್ಪಿಸುತ್ತಿದೆ. ಎರಡನೇ ಅಂಕ ಬರೆದ ಮೇಲೆ ಕಳಿಸು.

ಇಂತಿ,
ಅಪ್ಪ