ಎರಡು ಜಿಲ್ಲೆಗೆ ಒಬ್ಬ ಜೆನೆಟಿಕ್ ಕೌನ್ಸೆಲರ್ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ದಾವಣಗೆರೆಯಿಂದ ನಮಸ್ಕಾರಗಳು.

ಬೇಡಿಕೆ ಮೊದಲೇ ಹೇಳಿಬಿಡುತ್ತೇವೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗೆ ಸೇರಿ ಒಬ್ಬ ಜೆನೆಟಿಕ್ ಕೌನ್ಸೆಲರ್ ಕೊಡಿ, ಅಂದರೆ ವಂಶದಿಂದ ಬರುವ ಕಾಯಿಲೆ, ಜೀನ್ ಪರೀಕ್ಷೆಗಳ ಬಗ್ಗೆ ಮನೆಮಂದಿಗೆ ಕೂತು ತಿಳಿಹೇಳುವವರು. ಯಂತ್ರ ಬೇಡ, ಕಟ್ಟಡ ಬೇಡ, ಶಂಕುಸ್ಥಾಪನೆಯ ಕಲ್ಲೂ ಬೇಡ. ಒಬ್ಬ ಮನುಷ್ಯ, ಒಂದು ಮೇಜು, ಎರಡು ಕುರ್ಚಿ. ಅರ್ಜಿ ಬರೆದು ಬರೆದು ಸಾಕಾಗಿ ಈಗ ಎಲ್ಲರೆದುರು ಬರೆಯುತ್ತಿದ್ದೇವೆ.

ಸ್ತನ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಅದು ವಂಶದಿಂದ ಬಂದದ್ದು. ಬಿಆರ್‌ಸಿಎ1 ಜೀನಿನಲ್ಲಿ ದೋಷವಿರುವ ಹೆಣ್ಣುಮಗಳಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 70ರ ಆಸುಪಾಸು, ಅಂಡಾಶಯದ ಕ್ಯಾನ್ಸರ್ ಶೇ 44ರಷ್ಟು. ಮಗನಿರಲಿ ಮಗಳಿರಲಿ, ಪ್ರತಿ ಮಗುವಿಗೂ ಆ ಜೀನ್ ದೋಷ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಇದೆಲ್ಲ ತಮ್ಮ ಇಲಾಖೆಗೆ ಗೊತ್ತು. ಗೊತ್ತಿದ್ದೂ, ಆಶಾ ಕಾರ್ಯಕರ್ತೆಯರು ಕಾಯಿಲೆಯ ಅಪಾಯ ಅಳೆಯಲು ಮನೆಮನೆಗೆ ಒಯ್ಯುವ ಸಿಬಿಎಸಿ ಎಂಬ ಪ್ರಶ್ನೆಪಟ್ಟಿಯ ಫಾರ್ಮ್‌ನಲ್ಲಿ ಮನೆತನದ ಕಾಯಿಲೆ ಎಂದರೆ ಬಿಪಿ, ಶುಗರ್, ಹೃದಯದ ಕಾಯಿಲೆ, ಅಷ್ಟೇ. ಎದೆಯಲ್ಲಿ ಗಂಟಿದೆಯೇ ಎಂದು ಕೇಳುತ್ತದೆ, ನಿಮ್ಮ ಅಮ್ಮನಿಗೆ ಇತ್ತೇ ಎಂದು ಕೇಳುವುದಿಲ್ಲ. ತಪಾಸಣೆ ಶುರುವಾಗುವುದೂ 30ಕ್ಕೆ. ಈ ದೋಷ ಇರುವವರಿಗೆ 25ರಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ ಆಗಬೇಕು, 30ರಿಂದ ಅದರ ಜೊತೆ ಮ್ಯಾಮೋಗ್ರಾಮ್.

ಕೇಳುವವರಿಲ್ಲದಿದ್ದರೆ ಏನಾಗುತ್ತದೆ? ಜಗಳೂರು ಕಡೆಯ ಒಂದು ಮನೆಯಲ್ಲಿ ಆದದ್ದು ಇದು. ಹೆಣ್ಣುಮಗಳಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್. ಒಡವೆ ಅಡ ಇಟ್ಟು ಖಾಸಗಿಯಾಗಿ ಜೀನ್ ಪರೀಕ್ಷೆ ಮಾಡಿಸಿದರು. ವರದಿ ವಾಟ್ಸಾಪ್‌ಗೆ ಬಂತು, ಪುಟಗಟ್ಟಲೆ ಇಂಗ್ಲಿಷಿನಲ್ಲಿ. ಅದರ ಅರ್ಥ ಹೇಳಿದವನು ಯಾರು ಗೊತ್ತೇ, ಸಚಿವರೇ? ರಕ್ತದ ಟ್ಯೂಬು ಒಯ್ಯಲು ಬಂದಿದ್ದ ಹುಡುಗ! 'ಜೀನ್ ಪಾಸಿಟಿವ್ ಐತಿ' ಅಂದ. ಆಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ, ಇನ್ನೊಂದು ಸ್ತನವನ್ನೂ ಅಂಡಾಶಯವನ್ನೂ ತೆಗೆಸಿ ಎಂದರು. ಸುದ್ದಿ ಹಬ್ಬಿ ತಂಗಿಗೆ ನಿಶ್ಚಯವಾಗಿದ್ದ ಗಂಡು ಹಿಂದೆ ಸರಿದ. ವರದಿಯಲ್ಲಿ ಇದ್ದದ್ದು ವಿಯುಎಸ್. ಅಂದರೆ ಜೀನಿನಲ್ಲಿ ಬದಲಾವಣೆ ಕಂಡಿದೆ, ಅದರಿಂದ ಕೆಡುಕಿದೆಯೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಇಂಥವುಗಳಲ್ಲಿ ಹೆಚ್ಚಿನವು ಮುಂದೆ ನಿರುಪದ್ರವಿ ಎಂದೇ ಗೊತ್ತಾಗುತ್ತವೆ. ವಿಯುಎಸ್ ಒಂದನ್ನೇ ನೋಡಿ ಆಪರೇಷನ್ ಮಾಡಬಾರದು, ತಂಗಿಯನ್ನು ಅದಕ್ಕಾಗಿ ಪರೀಕ್ಷೆಗೂ ಕಳಿಸಬೇಕಿಲ್ಲ. ಅರ್ಧ ಗಂಟೆ ಕೂತು ಹೇಳುವವರಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಕೌನ್ಸೆಲರ್ ಕೆಲಸ ಧೈರ್ಯ ಹೇಳುವುದಷ್ಟೇ ಅಲ್ಲ. ಮೊದಲು ಮೂರು ತಲೆಮಾರಿನ ವಂಶವೃಕ್ಷ ಬರೆಯಬೇಕು, ಅಪ್ಪನ ಕಡೆಯದೂ ಸೇರಿಸಿ. ಸೋದರತ್ತೆಗೆ ಇತ್ತು ಎಂದರೆ 'ಅದು ಬೇರೆ ಮನೆತನ' ಎಂದು ಬಿಡುವವರೇ ಹೆಚ್ಚು. ನಮ್ಮಲ್ಲಿ ಯಾರೂ ಅಂಡಾಶಯದ ಕ್ಯಾನ್ಸರ್ ಎನ್ನುವುದಿಲ್ಲ, 'ಅಜ್ಜಿ ಹೊಟ್ಟೆಯಲ್ಲಿ ನೀರು ತುಂಬಿ ಹೋದಳು' ಎನ್ನುತ್ತಾರೆ. ಆ ಮಾತು ಬಂದಲ್ಲಿ ಪೆನ್ನು ನಿಲ್ಲಿಸಿ ಇನ್ನೆರಡು ಪ್ರಶ್ನೆ ಕೇಳಬೇಕು. ಹೆಣ್ಣನ್ನು ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟಿದ್ದರೆ ಅದನ್ನೂ ಗುರುತಿಸಬೇಕು, ಒಂದೇ ದೋಷ ಇಬ್ಬರಲ್ಲೂ ಇರಬಹುದು. ಗಂಡ ಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ2 ಎಂಬ ಇನ್ನೊಂದು ಜೀನಿನ ದೋಷವಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಫ್ಯಾಂಕೋನಿ ಅನೀಮಿಯಾ ಎಂಬ ಕೆಟ್ಟ ರಕ್ತದ ಕಾಯಿಲೆಯ ಅಪಾಯವಿದೆ.

ಪರೀಕ್ಷೆಗೂ ಕ್ರಮವಿದೆ. ಮೊದಲು ಕ್ಯಾನ್ಸರ್ ಬಂದವರ ರಕ್ತ, ಆಮೇಲೆ ಮನೆಮಂದಿಯದು. ಇಲ್ಲಿ ಉಲ್ಟಾ ನಡೆಯುತ್ತದೆ: ಆರೋಗ್ಯವಾಗಿರುವ ಮಗಳ ರಕ್ತ ಮೊದಲು ಹೋಗುತ್ತದೆ, 'ನೆಗೆಟಿವ್' ಬರುತ್ತದೆ, ಮನೆಯವರು ನೆಮ್ಮದಿಯಾಗುತ್ತಾರೆ. ಅಮ್ಮನಲ್ಲಿ ಯಾವ ದೋಷವಿತ್ತೆಂದೇ ಗೊತ್ತಿಲ್ಲದಾಗ ಆ ನೆಗೆಟಿವ್‌ಗೆ ಬೆಲೆ ಕಡಿಮೆ. ಅಮ್ಮನಲ್ಲಿ ದೋಷ ಸಿಕ್ಕರೆ ಮಕ್ಕಳಿಗೆ ಆ ಒಂದು ಜಾಗವನ್ನಷ್ಟೇ ನೋಡಿದರೆ ಸಾಕು, ಖರ್ಚೂ ಎಷ್ಟೋ ಕಡಿಮೆ. ಬೇಕಾದ್ದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಮೂರು-ನಾಲ್ಕು ಎಂಎಲ್ ರಕ್ತ. ಅದು ಹೆಪ್ಪುಗಟ್ಟಬಾರದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಲ್ಯಾಬಿಗೆ ತಿಳಿಸಬೇಕು. ಜೀನನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್ ಜೊತೆ ಎಂಎಲ್‌ಪಿಎ ಎಂಬ ಪರೀಕ್ಷೆಯನ್ನೂ ಮಾಡುತ್ತಾರೋ ಇಲ್ಲವೋ ಕೇಳಿಕೊಳ್ಳಬೇಕು, ಬಿಟ್ಟರೆ ಜೀನಿನ ದೊಡ್ಡ ತುಂಡೇ ಕಾಣೆಯಾಗಿರುವುದು ಕಣ್ತಪ್ಪಬಹುದು. ಗಡ್ಡೆಯ ಬ್ಲಾಕ್‌ನಲ್ಲಿ, ಅಂದರೆ ಮೇಣದಲ್ಲಿ ಕಾಪಿಟ್ಟ ಗಡ್ಡೆಯ ತುಣುಕಿನಲ್ಲಿ, ಮಾಡುವ ಪರೀಕ್ಷೆ ಬೇರೆ. ಅಲ್ಲಿ ಕಂಡದ್ದೆಲ್ಲ ವಂಶದ್ದಲ್ಲ, ರಕ್ತದಲ್ಲಿ ಖಚಿತವಾಗಬೇಕು. ಇಷ್ಟನ್ನು ಹೇಳಲು ರೋಗಿಯನ್ನು 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಓಡಿಸಬೇಕೇ?

ಸರ್ಕಾರಕ್ಕೆ ಇದು ಹೊಸ ವಿದ್ಯೆಯೇನಲ್ಲ. ಎಚ್‌ಐವಿ ಪರೀಕ್ಷೆಗೆ ಮೊದಲೂ ನಂತರವೂ ಆಪ್ತಸಮಾಲೋಚನೆ ಆಗಬೇಕೆಂದು 2017ರ ಕಾಯ್ದೆಯೇ ಇದೆ, ಐಸಿಟಿಸಿ ಎಂಬ ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ ಅದಕ್ಕೆಂದೇ ಆಪ್ತಸಮಾಲೋಚಕರಿದ್ದಾರೆ. ಅದೇ ಶಿಸ್ತು ಇಲ್ಲಿಗೂ ಬರಲಿ.

ಆದ್ದರಿಂದ ಮತ್ತೆ ಕೇಳುತ್ತೇವೆ. ಒಬ್ಬ ಕೌನ್ಸೆಲರ್ ಕೊಡಿ: ಮಂಗಳವಾರ ದಾವಣಗೆರೆ, ಶುಕ್ರವಾರ ಚಿತ್ರದುರ್ಗ. ಕನ್ನಡದಲ್ಲಿ ಎರಡು ಪುಟದ ವರದಿ ಕೊಡಿಸಿ. ಆಶಾ ಫಾರ್ಮ್‌ಗೆ ಕ್ಯಾನ್ಸರ್‌ನ ಒಂದು ಸಾಲು ಸೇರಿಸಲು ಕೇಂದ್ರಕ್ಕೆ ಬರೆಯಿರಿ. ಕೌನ್ಸೆಲರ್ ಕೊಡಿ ಎಂದು ಮೂರನೇ ಸಲ ಬರೆಯುತ್ತಿರುವುದು ತಮಗೆ ಬೇಸರ ತಂದರೆ ಕ್ಷಮಿಸಿ, ನಮಗೂ ಬೇಸರವಾಗಿದೆ.

'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬೇಡ. ಹುದ್ದೆ ಮಂಜೂರಾದ ಆದೇಶದ ಸಂಖ್ಯೆ ಮತ್ತು ದಿನಾಂಕ ಕಳಿಸಿ.

ಇಂತಿ,
ಕ್ಯಾನ್ಸರ್ ರೋಗಿಗಳ ಆರೈಕೆಯಲ್ಲಿರುವ ಕೆಲವರು, ದಾವಣಗೆರೆ